ನ್ಯಾಯದ ತಕ್ಕಡಿಯನ್ನು ವಾಲಿಸುವ ಮೂರು ಕೈಗಳು

(ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲೂಕುಗಳ ಕುಟುಂಬಗಳಿಗಾಗಿ ಶ್ರೀರಂಗಪಟ್ಟಣದಲ್ಲಿ ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಆಲೆಮನೆ ಎಂದರೆ ನಮ್ಮ ಜಿಲ್ಲೆಯ ಜನರಿಗೆ ವಿವರಿಸಬೇಕಾಗಿಲ್ಲ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವ ವಾಸನೆ ನಮ್ಮೆಲ್ಲರ ಬಾಲ್ಯದ ವಾಸನೆ. ದಾರಿಹೋಕನಿಗೂ ಒಂದು ಹಿಡಿ ಬಿಸಿ ಬೆಲ್ಲ ಕೊಡುವುದು ಅಲ್ಲಿನ ಮರ್ಯಾದೆ. ಆದರೆ 2023ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಒಂದು ಜಾಲವನ್ನು ಭೇದಿಸಿದಾಗ ಆಲೆಮನೆ ಎಂಬ ಪದಕ್ಕೆ ಬೇರೊಂದು ಅರ್ಥ ಅಂಟಿಕೊಂಡಿತು. ಮಂಡ್ಯ ತಾಲೂಕಿನ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವನ್ನಿಟ್ಟು ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ಹೇಳುತ್ತಿದ್ದರು. ಹೆಣ್ಣಾದರೆ ಗರ್ಭಪಾತಕ್ಕೆ ಕಳುಹಿಸುತ್ತಿದ್ದರು ಎಂಬುದು ತನಿಖೆಯಲ್ಲಿ ಹೊರಬಂದ ಸಂಗತಿ. ಸಂಖ್ಯೆ ನೂರಾರು ಎಂದು ಪೊಲೀಸರು ಹೇಳಿದರು. ರಾಜ್ಯವೇ ಬೆಚ್ಚಿಬಿದ್ದಿತು. ಪ್ರಕರಣ ಸಿಐಡಿಗೆ ಹೋಯಿತು. ಇಷ್ಟಾದ ಮೇಲಾದರೂ ನಿಂತಿತೇ? 2024ರ ಮೇ ತಿಂಗಳಲ್ಲಿ ಪಾಂಡವಪುರ ಪಟ್ಟಣದಲ್ಲಿ ಆರೋಗ್ಯ ಇಲಾಖೆಯ ಸಿಬ್ಬಂದಿ ವಸತಿಗೃಹದಲ್ಲೇ ಇಂಥ ಕೃತ್ಯ ನಡೆದ ಆರೋಪದ ಮೇಲೆ ಬಂಧನಗಳಾದವು. ಅದೇ ತಾಲೂಕಿನ ಮೇಲುಕೋಟೆಯಲ್ಲಿ 1948ರಲ್ಲಿ ಹುಟ್ಟಿದ ಹೆಣ್ಣು ಮಗುವೊಂದು ಬೆಳೆದು ತಮಿಳುನಾಡಿನ ಮುಖ್ಯಮಂತ್ರಿ ಜಯಲಲಿತಾ ಆದದ್ದು ನಮಗೆಲ್ಲ ತಿಳಿದಿದೆ.

ಇಂದು ನಾವು ಆ ದಲ್ಲಾಳಿಗಳ ಬಗ್ಗೆ, ವೈದ್ಯರ ಬಗ್ಗೆ ಮಾತನಾಡಲು ಬಂದಿಲ್ಲ. ಅವರನ್ನು ಕಾನೂನು ನೋಡಿಕೊಳ್ಳಲಿ. ನಮ್ಮನ್ನು ಕಾಡುವ ಪ್ರಶ್ನೆ ಬೇರೆ. ಆ ಆಲೆಮನೆಯ ಬಾಗಿಲಿಗೆ ಹೋದವರು ಯಾರು? ಕಳ್ಳರಲ್ಲ, ಕೊಲೆಗಡುಕರಲ್ಲ. ಬೀದಿಯ ನಾಯಿಮರಿಗೂ ಅನ್ನ ಹಾಕುವವರು, ಹಬ್ಬ ಹರಿದಿನಗಳಲ್ಲಿ ದಾನ ಮಾಡುವವರು, ನೆರೆಮನೆಯ ಸಾವಿಗೆ ಕಣ್ಣೀರು ಹಾಕುವವರು. ಮನೆಯಲ್ಲಿ ಅಜ್ಜಿಯಿದ್ದಳು, ತಂದೆಯಿದ್ದ, ಅತ್ತೆ ಮಾವ ಇದ್ದರು. ಅವರೆಲ್ಲ ಕೂಡಿ ಕುಳಿತು ಇದು ಸರಿ ಎಂದು ತೀರ್ಮಾನಿಸಿದರು. ಒಳ್ಳೆಯ ಜನ ಇಷ್ಟು ಘೋರವಾದ ತೀರ್ಮಾನಕ್ಕೆ ಹೇಗೆ ಬರುತ್ತಾರೆ? ಇದನ್ನು ಅರಿಯದಿದ್ದರೆ ನಾಳೆ ನಾವೂ ಅಂಥದೇ ತೀರ್ಮಾನಕ್ಕೆ ಬಂದೇವು. ನಮ್ಮ ಮಟ್ಟಿಗೆ, ನ್ಯಾಯದ ತಕ್ಕಡಿಯನ್ನು ನಮಗೆ ತಿಳಿಯದಂತೆ ವಾಲಿಸುವ ಮೂರು ಕೈಗಳಿವೆ. ಒಂದು ಭಾವಾವೇಶ, ಎರಡನೆಯದು ಸಂಪ್ರದಾಯ, ಮೂರನೆಯದು ಗಂಡು ಹೆಣ್ಣೆಂಬ ಭೇದ.

ಮೊದಲು ಭಾವನೆಯನ್ನು ತೆಗೆದುಕೊಳ್ಳೋಣ. 2001ರಲ್ಲಿ ಅಮೆರಿಕದ ಜೋಶುವಾ ಗ್ರೀನ್ ಮತ್ತು ಅವರ ಸಂಗಡಿಗರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಕಡಿವಾಣವಿಲ್ಲದೆ ಓಡಿಬರುವ ಗಾಡಿಯಿಂದ ಐವರನ್ನು ಉಳಿಸಲು ಒಂದು ಗುಂಡಿ ಒತ್ತಿ ಅದನ್ನು ಬೇರೆ ಹಳಿಗೆ ತಿರುಗಿಸಬಹುದು, ಆದರೆ ಅಲ್ಲಿರುವ ಒಬ್ಬ ಸಾಯುತ್ತಾನೆ ಎಂದರೆ ಬಹುಮಂದಿ ತಿರುಗಿಸಬಹುದು ಎನ್ನುತ್ತಾರೆ. ಅದೇ ಐವರನ್ನು ಉಳಿಸಲು ಪಕ್ಕದಲ್ಲಿ ನಿಂತವನನ್ನು ಸ್ವಂತ ಕೈಯಿಂದ ಸೇತುವೆಯಿಂದ ತಳ್ಳಬೇಕು ಎಂದರೆ ಬಹುಮಂದಿ ಆಗದು ಎನ್ನುತ್ತಾರೆ. ಲೆಕ್ಕ ಎರಡರಲ್ಲೂ ಒಂದೇ. ಆದರೆ ಎರಡನೆಯ ಪ್ರಶ್ನೆಯನ್ನು ಯೋಚಿಸುವಾಗ ಮಿದುಳಿನಲ್ಲಿ ಭಾವನೆಗೆ ಸಂಬಂಧಿಸಿದ ಭಾಗಗಳು ಹೆಚ್ಚು ಚುರುಕಾಗಿದ್ದುದು ಕಂಡುಬಂತು. ಅಂದರೆ ಕೈಗೆ ರಕ್ತ ಅಂಟುತ್ತದೆ ಎಂದಾಗ ಹೃದಯ ತಡೆಯುತ್ತದೆ. ನಡುವೆ ಒಂದು ಯಂತ್ರವಿದ್ದರೆ ಆ ತಡೆ ಸಡಿಲವಾಗುತ್ತದೆ.

ಇದನ್ನು ಆಲೆಮನೆಗೆ ಅನ್ವಯಿಸಿ ನೋಡಿ. ಜಾಹಿಲಿಯ್ಯ ಕಾಲದ ಅರಬನು ತನ್ನ ಕೈಯಿಂದಲೇ ಮರಳು ತೋಡಿ ಮಗಳನ್ನು ಹೂಳಬೇಕಿತ್ತು. ಇಂದಿನ ತಂದೆ ಮಗುವಿನ ಮುಖ ನೋಡಬೇಕಾಗಿಲ್ಲ, ಅಳು ಕೇಳಬೇಕಾಗಿಲ್ಲ. ಯಂತ್ರವೊಂದು ಹೇಳುತ್ತದೆ, ಮಾತ್ರೆಯೊಂದು ಮುಗಿಸುತ್ತದೆ, ತಂದೆ ಹೊರಗೆ ನಿಂತು ಹಣ ಎಣಿಸುತ್ತಾನೆ. ಕರುಣೆ ಎಂಬ ಭಾವ ಎಚ್ಚರಗೊಳ್ಳುವ ಮೊದಲೇ ಕೆಲಸ ಮುಗಿದಿರುತ್ತದೆ. ಅಲ್ಲಿ ಎಚ್ಚರವಾಗಿರುವುದು ಇನ್ನೊಂದೇ ಭಾವ. ಅದು ಅವಮಾನ. ಪವಿತ್ರ ಕುರ್‌ಆನ್ ಅನ್ನಹ್ಲ್ ಅಧ್ಯಾಯದಲ್ಲಿ ಇದನ್ನು ಚಿತ್ರಿಸಿರುವ ರೀತಿ ನೋಡಿ. ಹೆಣ್ಣು ಹುಟ್ಟಿದ ಸುದ್ದಿ ಕೇಳಿದವನ ಮುಖ ಕಪ್ಪಿಡುತ್ತದೆ, ಅವನು ಜನರಿಂದ ಅಡಗಿಕೊಳ್ಳುತ್ತಾನೆ, ಮಗುವನ್ನು ಇಟ್ಟುಕೊಳ್ಳುವುದೋ ಮಣ್ಣಲ್ಲಿ ಹೂಳುವುದೋ ಎಂದು ತೊಳಲಾಡುತ್ತಾನೆ. ಅಂಥವರ ತೀರ್ಮಾನ ಎಷ್ಟು ಕೆಟ್ಟದ್ದು ಎಂಬ ಆಶಯದೊಂದಿಗೆ ಆ ವಚನ ಮುಗಿಯುತ್ತದೆ. ಕೃತ್ಯದೊಂದಿಗೆ ತೀರ್ಮಾನವನ್ನೂ ಅದು ಖಂಡಿಸಿದೆ. ಜನರೇನೆಂದಾರು ಎಂಬ ನಾಚಿಕೆಯು ನ್ಯಾಯಾಧೀಶನ ಪೀಠದಲ್ಲಿ ಕುಳಿತಾಗ ಹೊರಡುವ ತೀರ್ಪು ಅದು.

ಹಾಗೆಂದು ಭಾವನೆಯನ್ನೇ ಕಿತ್ತೆಸೆಯಬೇಕೇ? ಖಂಡಿತ ಇಲ್ಲ. ಪ್ರವಾದಿ ಮುಹಮ್ಮದ್(ಸ)ರು ತಮ್ಮ ಪುಟ್ಟ ಮಗ ಇಬ್ರಾಹೀಮ್ ಕೊನೆಯುಸಿರೆಳೆಯುವಾಗ ಕಣ್ಣೀರಿಟ್ಟರು, ಅದನ್ನು ಕಾರುಣ್ಯವೆಂದೇ ಕರೆದರು. ಆದರೆ ಅದೇ ಪ್ರವಾದಿಯವರು, ಸಿಟ್ಟಿನಲ್ಲಿರುವಾಗ ಯಾರೂ ಇಬ್ಬರ ನಡುವೆ ತೀರ್ಪು ನೀಡಬಾರದೆಂದು ತಡೆದಿದ್ದಾರೆ. ಸಹಾಬಿ ಅಬೂ ಬಕ್‌ರ(ರ)ರು ಸಿಜಿಸ್ತಾನದಲ್ಲಿ ನ್ಯಾಯಾಧೀಶರಾಗಿದ್ದ ತಮ್ಮ ಮಗನಿಗೆ ಈ ಹದೀಸನ್ನು ಪತ್ರದಲ್ಲಿ ಬರೆದು ಕಳುಹಿಸಿದ್ದರು. ಹೃದಯದಲ್ಲಿ ಭಾವನೆ ಇರಲಿ, ಆದರೆ ತೀರ್ಪಿನ ಲೇಖನಿ ಅದರ ಕೈಗೆ ಹೋಗದಿರಲಿ ಎಂಬುದೇ ಇಲ್ಲಿನ ಪಾಠ.

2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣೇಶ ಮೂರ್ತಿಯ ಮೆರವಣಿಗೆಯ ವೇಳೆ ನಡೆದ ಘಟನೆಯನ್ನು ನೀವೆಲ್ಲ ಬಲ್ಲಿರಿ. ಕಲ್ಲು ತೂರಾಟವಾಯಿತು, ಅಂಗಡಿಗಳಿಗೆ ಬೆಂಕಿ ಬಿತ್ತು, ಅನೇಕರ ಬಂಧನವಾಯಿತು. ವರ್ಷಗಟ್ಟಲೆ ಒಬ್ಬರ ಅಂಗಡಿಯಲ್ಲಿ ಇನ್ನೊಬ್ಬರು ಸಾಮಾನು ಕೊಂಡ ಊರಿನಲ್ಲಿ ಒಂದು ಗಂಟೆಯ ಆವೇಶ ಎಷ್ಟು ಮನೆಗಳ ಅನ್ನವನ್ನು ಸುಟ್ಟಿತು! ಆ ರಾತ್ರಿ ಕೈಯಲ್ಲಿ ಕಲ್ಲು ಹಿಡಿದ ಪ್ರತಿಯೊಬ್ಬನೂ, ಅವನು ಯಾವ ಕಡೆಯವನೇ ಆಗಿರಲಿ, ತಾನು ನ್ಯಾಯದ ಪರವಾಗಿದ್ದೇನೆ ಎಂದೇ ನಂಬಿದ್ದನು. ಒಂದು ಜನಾಂಗದ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ವಿಮುಖಗೊಳಿಸದಿರಲಿ ಎಂಬ ಅಲ್‌ಮಾಇದಃ ಅಧ್ಯಾಯದ ಆದೇಶ ಇರುವುದು ಇಂಥ ರಾತ್ರಿಗಳಿಗಾಗಿಯೇ.

ಈ ಆದೇಶ ನಮ್ಮ ಪ್ರೀತಿಗೂ ಅನ್ವಯಿಸುತ್ತದೆ. ನಾವಿಂದು ಸೇರಿರುವುದು ಟಿಪ್ಪು ಸುಲ್ತಾನರು 1799ರ ಮೇ 4ರಂದು ಹುತಾತ್ಮರಾದ ಊರಿನಲ್ಲಿ. ಅವರ ಹೆಸರು ಕೇಳಿದರೆ ನಮ್ಮ ಎದೆ ಉಬ್ಬುತ್ತದೆ. 1791ರಲ್ಲಿ ಮರಾಠಾ ಸೇನೆಯಿಂದ ಶೃಂಗೇರಿ ಮಠ ಲೂಟಿಯಾದಾಗ ಅವರು ನೆರವು ನೀಡಿದ್ದನ್ನು ಹೇಳುವ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು. ಅದನ್ನು ನಾವು ಪ್ರತಿ ವೇದಿಕೆಯಲ್ಲೂ ಹೇಳುತ್ತೇವೆ, ಹೇಳಲೇಬೇಕು. ಆದರೆ ಇಲ್ಲಿಂದ ಹೆಚ್ಚು ದೂರವಿಲ್ಲದ ಮೇಲುಕೋಟೆಯ ಮಂಡಯಂ ಅಯ್ಯಂಗಾರ್ ಮನೆತನಗಳು ನರಕ ಚತುರ್ದಶಿಯ ದಿನ ದೀಪ ಹಚ್ಚದೆ ತಮ್ಮ ಪೂರ್ವಜರ ಹತ್ಯೆಯನ್ನು ನೆನೆಯುವ ಪರಂಪರೆಯಿದೆ, ಆ ನೆನಪಿನಲ್ಲಿ ಟಿಪ್ಪುವಿನ ಹೆಸರಿದೆ ಎಂಬುದನ್ನು ನಾವೆಷ್ಟು ಮಂದಿ ಬಾಯಿಬಿಟ್ಟು ಹೇಳುತ್ತೇವೆ? ಟಿಪ್ಪುವನ್ನು ದ್ವೇಷಿಸುವವನಿಗೆ ಶೃಂಗೇರಿ ಕಾಣಿಸುವುದಿಲ್ಲ. ಪ್ರೀತಿಸುವವನಿಗೆ ಮೇಲುಕೋಟೆ ಕಾಣಿಸುವುದಿಲ್ಲ. ಇಬ್ಬರ ಕಣ್ಣಿಗೂ ಕಟ್ಟಿರುವುದು ಒಂದೇ ಪಟ್ಟಿ. ನೆರೆಯವನ ದುಃಖವನ್ನು ಕೇಳಿಸಿಕೊಂಡರೆ ನಮ್ಮ ಸುಲ್ತಾನರ ಹುತಾತ್ಮತೆ ಚಿಕ್ಕದಾಗುವುದಿಲ್ಲ.

ಮದೀನಾದಲ್ಲಿ ಬನೂ ಉಬೈರಿಕ್ ಕುಟುಂಬದವನೊಬ್ಬ ಕವಚ ಕದ್ದು ಯಹೂದಿಯೊಬ್ಬನ ಮೇಲೆ ಆರೋಪ ಹೊರಿಸಿದಾಗ, ಕುಲದವರೆಲ್ಲ ತಮ್ಮವನ ಪರ ನಿಂತರು. ಅನ್ನಿಸಾ ಅಧ್ಯಾಯದ ವಚನಗಳು ಅವತೀರ್ಣಗೊಂಡು ಆ ಯಹೂದಿಯನ್ನು ನಿರಪರಾಧಿ ಎಂದು ಸಾರಿದವು ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ನಮ್ಮವನು ಎಂಬ ಭಾವ ಸತ್ಯದ ಮುಂದೆ ನಿಲ್ಲಲಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕೇ?

ಇನ್ನು ಎರಡನೆಯ ಕೈ, ಸಂಪ್ರದಾಯ. 1987ರಲ್ಲಿ ರಿಚರ್ಡ್ ಶ್ವೇಡರ್ ಮತ್ತು ಸಂಗಡಿಗರು ಒಡಿಶಾದ ಭುವನೇಶ್ವರ ಹಾಗೂ ಅಮೆರಿಕದ ಶಿಕಾಗೋ ಜನರ ನೈತಿಕ ತೀರ್ಮಾನಗಳನ್ನು ಹೋಲಿಸಿದ ಅಧ್ಯಯನವನ್ನು ಪ್ರಕಟಿಸಿದರು. ತಂದೆ ತೀರಿಕೊಂಡ ಮರುದಿನವೇ ಹಿರಿಯ ಮಗ ಕ್ಷೌರ ಮಾಡಿಸಿಕೊಂಡು ಕೋಳಿ ತಿಂದ ಎಂಬುದು ಭುವನೇಶ್ವರದ ಬ್ರಾಹ್ಮಣರಿಗೆ ಪಟ್ಟಿಯಲ್ಲಿದ್ದ ತಪ್ಪುಗಳಲ್ಲೇ ಅತ್ಯಂತ ಗಂಭೀರವಾಗಿ ಕಂಡಿತು. ಶಿಕಾಗೋದವರಿಗೆ ಅದು ತಪ್ಪೇ ಅಲ್ಲ. ಎರಡೂ ಊರಿನವರು ಪ್ರಾಮಾಣಿಕರೇ. ತಾವು ಹುಟ್ಟಿದ ಮನೆಯ ರೂಢಿಯನ್ನೇ ಅವರು ಧರ್ಮವೆಂದು ಕಂಡರು. ನಮ್ಮಲ್ಲಿಯೂ ಹೀಗೆಯೇ ಅಲ್ಲವೇ?

ಫಿಕ್‌ಹ್ ಓದಿದವರಿಗೆ ಉರ್ಫ್ ಎಂಬ ಪದ ಗೊತ್ತು. ಒಂದು ಸಮಾಜದ ರೂಢಿಗೆ ಇಸ್ಲಾಮ್ ಗೌರವ ಕೊಡುತ್ತದೆ; ಉಡುಪು, ಊಟ, ಭಾಷೆ, ವ್ಯವಹಾರಗಳಲ್ಲಿ ಅದನ್ನು ಒಪ್ಪುತ್ತದೆ. ಆದರೆ ಕುರ್‌ಆನ್ ಮತ್ತು ಸುನ್ನತ್‌ನ ಸ್ಪಷ್ಟ ಆದೇಶಕ್ಕೆ ವಿರುದ್ಧವಾದ ರೂಢಿಗೆ ಅಲ್ಲಿ ಸ್ಥಾನವಿಲ್ಲ. ನಾವು ಮಾಡಿರುವುದೇನು? ಮಹ್ರ್ ಕೊಡಬೇಕಾದವನು ವರ, ಆದರೆ ಜಹೇಜ್ ಕೇಳುವವನೂ ವರನೇ. ಮಹ್ರ್ ಕಾಗದದಲ್ಲಿ ಬಾಕಿಯಿರುತ್ತದೆ, ಜಹೇಜ್ ಮಾತ್ರ ನಿಕಾಹ್‌ಗೆ ಮೊದಲೇ ಮನೆ ಸೇರುತ್ತದೆ. ಅನ್ನಿಸಾ ಅಧ್ಯಾಯ ಹೆಣ್ಣಿಗೆ ಆಸ್ತಿಯಲ್ಲಿ ಪಾಲು ನಿಗದಿಪಡಿಸಿದೆ. ಆದರೆ ತಂದೆಯ ಗದ್ದೆ ಹಂಚುವ ದಿನ ಅಕ್ಕತಂಗಿಯರನ್ನು ಉಪನೋಂದಣಿ ಕಚೇರಿಗೆ ಕರೆದೊಯ್ದು ಹಕ್ಕು ಖುಲಾಸೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುತ್ತೇವೆ. ಆಕೆ ಒಲ್ಲೆನೆಂದರೆ ತವರಿನ ಬಾಗಿಲು ಮುಚ್ಚುತ್ತದೆ. ಇದಕ್ಕೆ ನಾವಿಟ್ಟಿರುವ ಹೆಸರು ಮಾಫಿ! ನಮ್ಮ ಪೂರ್ವಜರನ್ನು ಇದೇ ದಾರಿಯಲ್ಲಿ ಕಂಡೆವು ಎಂದವರನ್ನು ಕುರ್‌ಆನ್ ಮತ್ತೆ ಮತ್ತೆ ಪ್ರಶ್ನಿಸಿದೆ. ಆ ಪ್ರಶ್ನೆ ಮಕ್ಕಾದವರಿಗೆ ಮಾತ್ರವೇ?

ಸಂಪ್ರದಾಯದ ಹೆಸರಿನ ಅನ್ಯಾಯ ತಿರುಗಿ ಬಂದು ಹೊಡೆಯುತ್ತದೆ. 2022ರ ನವೆಂಬರ್‌ನಲ್ಲಿ ನಾಗಮಂಗಲ ತಾಲೂಕಿನ ಆದಿಚುಂಚನಗಿರಿಯಲ್ಲಿ ನಡೆದ ವಧೂವರರ ಸಮಾವೇಶಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಯುವಕರು ಬಂದಿದ್ದರೆಂದೂ ವಧುಗಳ ಸಂಖ್ಯೆ ಕೆಲವು ನೂರು ಮಾತ್ರವಿತ್ತೆಂದೂ ಪತ್ರಿಕೆಗಳು ವರದಿ ಮಾಡಿದವು. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ಯುವಕರು ವಧು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಬೇಸಾಯದ ಬಿಕ್ಕಟ್ಟೂ ಇದಕ್ಕೆ ಕಾರಣ. ರೈತನಿಗೆ ಹೆಣ್ಣು ಕೊಡಲು ಮನೆಗಳು ಹಿಂಜರಿಯುತ್ತಿವೆ. ಆದರೆ 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ 939 ಹೆಣ್ಣು ಮಕ್ಕಳಷ್ಟೇ ಇದ್ದರು, ರಾಜ್ಯದ ಸರಾಸರಿ 948 ಎಂಬುದನ್ನೂ ಮರೆಯಲಾಗದು. ಆ ಮಕ್ಕಳು ಈಗ ಮದುವೆಯ ವಯಸ್ಸಿಗೆ ಬರುತ್ತಿದ್ದಾರೆ. ಅವರನ್ನು ಕಂಡು ನಗುವುದು ನಮಗೆ ತಕ್ಕುದಲ್ಲ. ಅವರು ನಮ್ಮ ನೆರೆಯವರು, ಅವರ ಒಂಟಿತನವೂ ಒಂದು ನೋವೇ.

ಈಗ ಮೂರನೆಯ ಕೈ. ಮನುಷ್ಯನಲ್ಲಿ ನೈತಿಕ ಪ್ರಜ್ಞೆ ಬೆಳೆಯುವ ಮೆಟ್ಟಿಲುಗಳನ್ನು ಗುರುತಿಸಿದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಕೋಲ್‌ಬರ್ಗ್ ತಮ್ಮ ಮೂಲ ಅಧ್ಯಯನಕ್ಕೆ ಆರಿಸಿಕೊಂಡದ್ದು ಗಂಡು ಹುಡುಗರನ್ನು ಮಾತ್ರ. ಆ ಅಳತೆಗೋಲಿನಿಂದ ಅಳೆದಾಗ ಹೆಣ್ಣುಮಕ್ಕಳು ಕೆಳಗಿನ ಮೆಟ್ಟಿಲಲ್ಲಿ ಕಾಣುತ್ತಾರೆ ಎಂದು ಆಕ್ಷೇಪಿಸಿದವರು ಅವರೊಂದಿಗೆ ಕೆಲಸ ಮಾಡಿದ್ದ ಕ್ಯಾರೊಲ್ ಗಿಲ್ಲಿಗನ್. 1982ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು ಗಂಡು ಹೆಚ್ಚಾಗಿ ನಿಯಮದ ಕಣ್ಣಿನಿಂದ ನೋಡುತ್ತಾನೆ, ಹೆಣ್ಣು ಸಂಬಂಧ ಮತ್ತು ಹೊಣೆಯ ಕಣ್ಣಿನಿಂದ ನೋಡುತ್ತಾಳೆ, ಎರಡೂ ನೈತಿಕತೆಯೇ ಎಂದು ವಾದಿಸಿದರು. ಆದರೆ ಮುಂದಿನ ಅಧ್ಯಯನಗಳು ಗಂಡು ಹೆಣ್ಣಿನ ತೀರ್ಮಾನಗಳ ಅಂತರ ನಾವೆಣಿಸಿದಷ್ಟು ದೊಡ್ಡದಲ್ಲ, ತೀರ ಸಣ್ಣದು ಎಂದು ತೋರಿಸಿವೆ. ಹಾಗಾದರೆ ದೊಡ್ಡ ಅಂತರ ಎಲ್ಲಿದೆ? ಯಾರ ಮಾತನ್ನು ಕೇಳಲಾಗುತ್ತದೆ, ಯಾರದ್ದನ್ನು ಕೇಳುವುದಿಲ್ಲ ಎಂಬಲ್ಲಿದೆ.

ಇಲ್ಲಿ ನಾವು ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಒಂದು ಮೊಹಲ್ಲಾದ ಹಿರಿಯರು ಇಶಾ ನಮಾಝಿನ ಬಳಿಕ ಗಂಡ ಹೆಂಡಿರ ವ್ಯಾಜ್ಯವೊಂದನ್ನು ಇತ್ಯರ್ಥಪಡಿಸಲು ಕುಳಿತರು. ಬರೆಯಬಲ್ಲವರೆಂದು ನಮ್ಮನ್ನೂ ಕರೆದಿದ್ದರು. ಗಂಡ ತನ್ನ ಕಡೆಯನ್ನು ಹೇಳಿದ. ಹೆಂಡತಿ ಹಟಮಾರಿ, ಕೇಳದೆ ತವರಿಗೆ ಹೋಗಿದ್ದಾಳೆ ಎಂದ. ಹೆಣ್ಣಿನ ಕಡೆಯಿಂದ ಆಕೆಯ ತಮ್ಮ ಬಂದಿದ್ದ. ಹಿರಿಯರ ಮುಂದೆ ಬಾಯಿ ಬಾರದೆ ತಲೆ ತಗ್ಗಿಸಿ ಕುಳಿತ. ಆಕೆಯ ತವರು ಅಲ್ಲಿಂದ ಎರಡು ಬೀದಿಯಾಚೆಗಿತ್ತು. ಒಮ್ಮೆ ಕರೆದು ಕೇಳೋಣ ಎಂದು ಯಾರೂ ಹೇಳಲಿಲ್ಲ. ನಾವೂ ಹೇಳಲಿಲ್ಲ. ಪತ್ನಿಯ ಅವಿಧೇಯತೆಯೇ ಕಾರಣವೆಂದು ನಮ್ಮ ಕೈಯಿಂದಲೇ ದಾಖಲಿಸಿದೆವು, ಚಹಾ ಕುಡಿದು ಎದ್ದೆವು.

ತಿಂಗಳುಗಳ ನಂತರ ನಮ್ಮ ಮನೆಯವರು ಆಕೆಯನ್ನು ನೋಡಲು ಹೋದಾಗ ನಿಜಸಂಗತಿ ತಿಳಿಯಿತು. ಆಕೆಗೆ ಇಬ್ಬರು ಹೆಣ್ಣುಮಕ್ಕಳು. ಮೂರನೆಯ ಬಾರಿ ಬಸುರಾದಾಗ ಗಂಡನ ಮನೆಯವರು ಒಂದು ಕಡೆ ಕರೆದೊಯ್ದು ನೋಡಿಸೋಣ ಎಂದಿದ್ದರು. ಎಲ್ಲಿಗೆ, ಏಕೆ ಎಂಬುದು ಆಕೆಗೆ ಅರ್ಥವಾಗಿತ್ತು. ಆ ರಾತ್ರಿಯೇ ಎರಡು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದಿದ್ದರು. ನಾವು ಅವಿಧೇಯತೆ ಎಂದು ಬರೆದದ್ದು ಒಂದು ಜೀವವನ್ನು ಉಳಿಸಿದ ನಡಿಗೆಯನ್ನು! ನಾವು ಹೋಗಿ ಕ್ಷಮೆ ಕೇಳಿದಾಗ, ಕೇಳಿದ್ದರೆ ಹೇಳುತ್ತಿದ್ದೆನಲ್ಲ ಎಂದಷ್ಟೇ ಆ ಸಹೋದರಿ ಹೇಳಿದರು. ಹುಟ್ಟಿದ್ದು ಹೆಣ್ಣು ಮಗುವೇ. ಈಗ ಅಂಗನವಾಡಿಗೆ ಹೋಗುತ್ತಿದೆ. ಆ ದಾಖಲೆ ಪುಸ್ತಕದಲ್ಲಿ ನಮ್ಮ ಕೈಬರಹ ಈಗಲೂ ಹಾಗೆಯೇ ಇದೆ.

ಆ ದಿನದಿಂದ ಖೌಲಾ ಬಿಂತ್ ಸಅಲಬ(ರ)ರ ಪ್ರಸಂಗವನ್ನು ನಾವು ಓದುವ ರೀತಿಯೇ ಬದಲಾಗಿದೆ. ನೀನು ನನಗೆ ತಾಯಿಯ ಬೆನ್ನಿನಂತೆ ಎಂದು ಗಂಡ ಹೇಳಿಬಿಟ್ಟರೆ ಅರೇಬಿಯಾದ ರೂಢಿಯಲ್ಲಿ ದಾಂಪತ್ಯ ಮುಗಿದಂತೆ. ಗಂಡನಿಗೆ ಸಿಟ್ಟಿನ ಆವೇಶ, ಸಮಾಜಕ್ಕೆ ಪೂರ್ವಜರ ಸಂಪ್ರದಾಯ, ಆಕೆಗೆ ಹೆಣ್ಣೆಂಬ ಹಣೆಪಟ್ಟಿ. ಮೂರು ಕೈಗಳೂ ಒಟ್ಟಿಗೆ ತಕ್ಕಡಿಯ ಮೇಲಿದ್ದವು. ಆದರೆ ಆಕೆ ಸುಮ್ಮನಾಗಲಿಲ್ಲ. ಪ್ರವಾದಿ(ಸ)ರ ಬಳಿ ಬಂದು ವಾದಿಸಿದರು, ಅಲ್ಲಾಹನಲ್ಲಿ ಮೊರೆಯಿಟ್ಟರು. ಆಕೆಯ ಮಾತನ್ನು ಅಲ್ಲಾಹನು ಆಲಿಸಿದ್ದಾನೆ ಎಂಬ ಘೋಷಣೆಯೊಂದಿಗೇ ಒಂದು ಅಧ್ಯಾಯ ಆರಂಭವಾಯಿತು, ಅದಕ್ಕೆ ವಾದಿಸಿದವಳು ಎಂಬರ್ಥದ ಅಲ್‌ಮುಜಾದಲಃ ಎಂದೇ ಹೆಸರಾಯಿತು. ಆ ರೂಢಿ ಮುರಿದುಬಿತ್ತು, ಗಂಡನಿಗೆ ಪ್ರಾಯಶ್ಚಿತ್ತ ವಿಧಿಸಲಾಯಿತು. ಅಲ್ಲಾಹನು ಆಲಿಸಿದ ಹೆಣ್ಣಿನ ಧ್ವನಿಯನ್ನು ಆಲಿಸದಿರಲು ನಮ್ಮ ಸಮಿತಿಗಳಿಗೆ ಅಧಿಕಾರ ಕೊಟ್ಟವರಾರು?

ನಮ್ಮ ದೇಶದ ಕಾನೂನು ಕೂಡ ಇಲ್ಲಿ ನಮಗಿಂತ ಮುಂದಿದೆ. 1994ರ ಲಿಂಗಪತ್ತೆ ನಿಷೇಧ ಕಾಯ್ದೆ, ಗರ್ಭಿಣಿಯನ್ನು ಗಂಡ ಅಥವಾ ಬಂಧುಗಳೇ ಪರೀಕ್ಷೆಗೆ ಬಲವಂತಪಡಿಸಿದ್ದಾರೆಂದು ನ್ಯಾಯಾಲಯ ಭಾವಿಸತಕ್ಕದ್ದು, ಅಲ್ಲವೆಂದು ಸಾಬೀತಾಗುವವರೆಗೆ, ಎನ್ನುತ್ತದೆ. ಆದರೆ ನಮ್ಮ ಮನೆಯ ನ್ಯಾಯಾಲಯದಲ್ಲಿ ಎಲ್ಲವೂ ತಿರುಗುಮುರುಗು. ಹೆಣ್ಣು ಹೆತ್ತರೆ ತಪ್ಪು ಆಕೆಯದು. ಮಗುವಿನ ಲಿಂಗ ನಿರ್ಧರಿಸುವುದು ತಂದೆಯಿಂದ ಬರುವ ವರ್ಣತಂತು ಎಂದು ಶಾಲೆಯ ಮಕ್ಕಳಿಗೂ ಗೊತ್ತು, ಅತ್ತೆಯಂದಿರಿಗೆ ಮಾತ್ರ ಗೊತ್ತಿಲ್ಲ. ಮಗ ರಾತ್ರಿ ಹನ್ನೊಂದಕ್ಕೆ ಬಂದರೆ ವಯಸ್ಸಿನ ಹುಡುಗ. ಮಗಳು ಕಾಲೇಜಿನಿಂದ ಅರ್ಧ ಗಂಟೆ ತಡವಾಗಿ ಬಂದರೆ ಬೀದಿಗೆಲ್ಲ ಸುದ್ದಿ. ಮುಅ್‌ಮಿನರ ಮಾತೆ ಆಇಶಾ(ರ)ರ ಮೇಲೆ ಸುಳ್ಳು ಅಪವಾದ ಹಬ್ಬಿದಾಗ, ಕೇಳಿದೊಡನೆ ಒಳ್ಳೆಯದನ್ನೇ ಏಕೆ ಭಾವಿಸಲಿಲ್ಲ ಎಂದು ಅನ್ನೂರ್ ಅಧ್ಯಾಯ ವಿಶ್ವಾಸಿ ಪುರುಷರನ್ನೂ ಸ್ತ್ರೀಯರನ್ನೂ ತರಾಟೆಗೆ ತೆಗೆದುಕೊಂಡದ್ದು ನಮಗೆ ಮರೆತಿದೆ.

ಸಹೋದರರೇ, ನಮ್ಮ ಸಮುದಾಯದಲ್ಲಿ ಭ್ರೂಣಹತ್ಯೆ ಇಲ್ಲ ಎಂದು ಕೆಲವರು ಬೀಗುತ್ತಾರೆ. 2001ರ ಜನಗಣತಿಯಲ್ಲಿ ದೇಶದ ಮುಸ್ಲಿಮ್ ಮಕ್ಕಳಲ್ಲಿ ಸಾವಿರ ಗಂಡಿಗೆ 950 ಹೆಣ್ಣು ಮಕ್ಕಳಿದ್ದರು. ಒಟ್ಟು ದೇಶದ ಸರಾಸರಿ 927. ನಿಜ, ಅಂತರ ನಮ್ಮ ಪರವಾಗಿತ್ತು. ಆದರೆ 2011ರಲ್ಲಿ ನಮ್ಮ ಸಂಖ್ಯೆ 943ಕ್ಕೆ ಇಳಿಯಿತು. ಆ ಇಳಿಕೆಯಲ್ಲಿ ಕಾಣೆಯಾದ ಮಕ್ಕಳೆಲ್ಲ ಯಾರ ಮನೆಯವರು? ಹುಟ್ಟಲು ಬಿಟ್ಟ ಮಾತ್ರಕ್ಕೆ ಹೆಣ್ಣಿಗೆ ನ್ಯಾಯ ದೊರೆಯಿತೆಂದೂ ಅಲ್ಲ. ಹುಟ್ಟಿದವಳನ್ನು ಹತ್ತನೆಯ ತರಗತಿಗೇ ಶಾಲೆ ಬಿಡಿಸಿ, ಜಹೇಜ್‌ಗಾಗಿ ಮನೆ ಮಾರಿ, ಆಸ್ತಿಯ ಪಾಲು ಕಿತ್ತುಕೊಳ್ಳುವುದು ಮಣ್ಣಿನ ಮೇಲೆಯೇ ಮಾಡುವ ಹೂಳುವಿಕೆಯಲ್ಲವೇ?

ನಾಲ್ಕು ತಾಲೂಕುಗಳಿಂದ ಬಂದಿರುವ ನಿಮ್ಮ ಮುಂದೆ ನಾಲ್ಕು ಮಾತುಗಳನ್ನಿಟ್ಟು ಮುಗಿಸುತ್ತೇವೆ. ಒಂದು, ಸಿಟ್ಟಿನಲ್ಲಾಗಲಿ ಅಭಿಮಾನದಲ್ಲಾಗಲಿ ಇರುವಾಗ ಯಾರ ಬಗ್ಗೆಯೂ ತೀರ್ಪು ಕೊಡದಿರೋಣ; ಮೊಬೈಲ್‌ಗೆ ಬಂದ ಸುದ್ದಿಯನ್ನು ಒಂದು ರಾತ್ರಿ ತಡೆದಿಡೋಣ. ಎರಡು, ಮನೆಯ ಪ್ರತಿಯೊಂದು ರೂಢಿಯನ್ನೂ ಇದು ದೀನೋ, ಕೇವಲ ದಸ್ತೂರೋ ಎಂದು ಕೇಳೋಣ. ಮೂರು, ಹೆಣ್ಣಿನ ವಿಷಯದಲ್ಲಿ ತೀರ್ಮಾನ ಮಾಡುವ ಯಾವ ಸಭೆಯೂ ಆಕೆಯ ಮಾತನ್ನು ಆಕೆಯ ಬಾಯಿಂದಲೇ ಕೇಳದೆ ಮುಗಿಯದಿರಲಿ. ಮೊಹಲ್ಲಾ ಸಮಿತಿಗಳಲ್ಲಿ ಕನಿಷ್ಠ ಇಬ್ಬರು ತಿಳಿದ ಮಹಿಳೆಯರಿರಲಿ. ನಾಲ್ಕು, ಆಲೆಮನೆಯಂಥ ಬಾಗಿಲು ನಮ್ಮ ಊರಿನಲ್ಲಿ ತೆರೆದಿರುವುದು ಗೊತ್ತಾದರೆ, ಅದು ಯಾರದೇ ಆಗಿರಲಿ, ಬಾಯಿ ಮುಚ್ಚಿ ಕೂರದೆ ಆರೋಗ್ಯ ಇಲಾಖೆಗೂ ಪೊಲೀಸರಿಗೂ ತಿಳಿಸೋಣ.

ಜೀವಂತ ಹೂಳಲ್ಪಟ್ಟ ಹೆಣ್ಣು ಮಗುವನ್ನು, ಯಾವ ಪಾಪಕ್ಕಾಗಿ ನಿನ್ನನ್ನು ಕೊಲ್ಲಲಾಯಿತು ಎಂದು ಕೇಳಲಾಗುವ ದಿನವನ್ನು ಅತ್ತಕ್‌ವೀರ್ ಅಧ್ಯಾಯ ನೆನಪಿಸುತ್ತದೆ. ಈ ಲೋಕದಲ್ಲಿ ಯಾರೂ ಆಕೆಯ ಮಾತು ಕೇಳಲಿಲ್ಲ. ಅಂದು ಮೊದಲು ಆಕೆಯನ್ನೇ ಕೇಳಲಾಗುವುದು. ಆ ದಿನ ಆಕೆಯ ಉತ್ತರದಲ್ಲಿ ನಮ್ಮ ಹೆಸರು ಬಾರದಂತೆ ಬದುಕುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.